ಆಯ್ತಪ್ಪನ ಮಗಳು

ಮೇ ೬, ಬುಧವಾರ

ಬಸ್ಸಿನಲ್ಲಿ ಎರಡು ಸಲ ವಾಂತಿಯಾಯಿತು. ಆಮೇಲೆ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಬರೀ ಟೆನ್ಶನ್ ಇತ್ತು. ರಸ್ತೆ ಬೆಟ್ಟವನ್ನು ಸುತ್ತಿ ಸುತ್ತಿ ಮೇಲೆ ಹತ್ತುತ್ತದೆ, ಬುಗುರಿಗೆ ದಾರ ಸುತ್ತಿದ ಹಾಗೆ. ಪಕ್ಕದ ಸೀಟಿನ ಹೆಂಗಸು ನನ್ನ ಬೆನ್ನು ನೀವುತ್ತ, ಸುರಂಗ ಆದಮೇಲೆ ಈ ಕರ್ಮ ಇರುವುದಿಲ್ಲ, ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಆ ಕಡೆ ಇರುತ್ತೀಯ ಎಂದರು. ಆ ಸುರಂಗ ಕೊರೆಯುತ್ತಿರುವುದು ನಮ್ಮಪ್ಪ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಬಾಯಿ ತೆಗೆದರೆ ಏನು ಹೊರಗೆ ಬರುತ್ತದೋ ಗ್ಯಾರಂಟಿ ಇರಲಿಲ್ಲ.

ಅಪ್ಪ ಸ್ಟಾಪಿಗೆ ಬಂದಿದ್ದರು. ಹೋದ ವರ್ಷಕ್ಕಿಂತ ಸಣ್ಣಗಾಗಿದ್ದಾರೆ. "ಊಟ ಆಯ್ತಾ?" ಎಂದರು. "ಆಯ್ತು" ಎಂದೆ. ಆಗಿರಲಿಲ್ಲ. ನಮ್ಮಿಬ್ಬರ ಮಾತೇ ಇಷ್ಟು. ನಾನು ಸ್ಕೂಲಿನಲ್ಲಿದ್ದಾಗ ಅಮ್ಮ ತೀರಿಕೊಂಡರು, ಆ ವರ್ಷವೇ ಅಪ್ಪ ನನ್ನನ್ನು ಹಾಸ್ಟೆಲ್ಲಿಗೆ ಹಾಕಿದರು. ಅವತ್ತಿನಿಂದ ಪ್ರತಿ ಭಾನುವಾರ ವಾರ್ಡನ್ ಮಿಸ್ ರೂಮಿನ ಫೋನಿನಲ್ಲಿ ಊಟ ಆಯ್ತಾ, ಆಯ್ತು, ಹೋಮ್‌ವರ್ಕ್ ಆಯ್ತಾ, ಆಯ್ತು. ರಜೆಗೆ ಚಿಕ್ಕಮ್ಮನ ಮನೆ. ಅಪ್ಪ ಒಂದು ಬೆಟ್ಟ ಕೊರೆದು ಇನ್ನೊಂದು ಬೆಟ್ಟಕ್ಕೆ ಹೋಗುತ್ತಿದ್ದರು. ಈ ಸಲ ಚಿಕ್ಕಮ್ಮ ಮಗಳ ಬಾಣಂತನಕ್ಕೆ ಹೋಗಿದ್ದಾರೆ, ಕಾಲೇಜ್ ಹಾಸ್ಟೆಲ್ಲನ್ನು ರಿಪೇರಿ ಅಂತ ಮುಚ್ಚಿದ್ದಾರೆ. ಹಾಗಾಗಿ ನಾನು ಇಲ್ಲಿ.

ಅಪ್ಪನಿಗೆ ಒಂದು ವಿಷಯ ಹೇಳಬೇಕು. ಮ್ಯಾಥ್ಸ್ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ನನಗೆ ಉಸಿರು ಕಟ್ಟಿತು. ಗಂಟಲು ಮುಚ್ಚಿಹೋಯಿತು. ಎದ್ದು ಹೊರಗೆ ಬಂದುಬಿಟ್ಟೆ. ಉಳಿದ ಪೇಪರುಗಳಿಗೂ ಹೋಗಲಿಲ್ಲ. ಎಂಜಿನಿಯರಿಂಗ್ ನನ್ನ ಕೈಯಲ್ಲಿ ಆಗುವ ಕೆಲಸವಲ್ಲ.

ನಾಳೆ ಹೇಳುತ್ತೇನೆ.

ಮೇ ೭, ಗುರುವಾರ

ಹೇಳಲಿಲ್ಲ.

ಮೇ ೧೦, ಭಾನುವಾರ

ಕಾಲೊನಿ ಅಂದರೆ ತಗಡಿನ ಶೆಡ್ಡುಗಳ ಎರಡು ಸಾಲು. ಪಕ್ಕದ ಶೆಡ್ಡಿನಲ್ಲಿ ಯಾರಾದರೂ ಸೀನಿದರೆ ನಮ್ಮ ಲೋಟ ಅಲುಗುತ್ತದೆ. ಎದುರಿಗೆ ಬೆಟ್ಟ. ಎಷ್ಟು ಎತ್ತರ ಅಂದರೆ ಆಕಾಶ ನೋಡಬೇಕಾದರೆ ಕತ್ತು ನೋಯುತ್ತದೆ. ಅದರ ಬುಡದಲ್ಲಿ ಸುರಂಗದ ಬಾಯಿ, ಅದರಿಂದ ದಿನವಿಡೀ ಲಾರಿಗಳು ಕಲ್ಲುಪುಡಿ ಹೊತ್ತು ತರುತ್ತವೆ. ಬೆಟ್ಟದ ಆ ಕಡೆಯಿಂದಲೂ ಇನ್ನೊಂದು ತಂಡ ಕೊರೆದುಕೊಂಡು ಬರುತ್ತಿದೆ. ನಡುವೆ ಇನ್ನು ಸ್ವಲ್ಪವೇ ಬಂಡೆ ಉಳಿದಿದೆಯಂತೆ. ಒಳಗೆ ಬ್ಲಾಸ್ಟ್ ಆದಾಗೆಲ್ಲ ನೆಲ ಕೆಳಗಿನಿಂದ ಒಂದು ಗುದ್ದು ಕೊಡುತ್ತದೆ. ನನ್ನ ಎದೆಯೂ ಕೊಡುತ್ತದೆ. ಇಲ್ಲಿಯವರು ಚಹಾದ ಲೋಟದಿಂದ ಮುಖ ಸಹ ಎತ್ತುವುದಿಲ್ಲ.

ಅಪ್ಪ ಕೊರೆಯುವ ತಂಡದ ಫೋರ್‌ಮನ್. ಅವರನ್ನು ಇಲ್ಲಿ ಎಲ್ಲರೂ ಆಯ್ತಪ್ಪ ಅನ್ನುತ್ತಾರೆ. ಮೊದಲು ಯಾರದೋ ಹೆಸರು ಅಂದುಕೊಂಡೆ. ರಜೆ ಬೇಕು ಅಂದರೆ ಆಯ್ತಪ್ಪ, ಗಂಬೂಟು ಹರಿದಿದೆ ಅಂದರೆ ಆಯ್ತಪ್ಪ, ನಿಮ್ಮ ತಲೆಗೂದಲೆಲ್ಲ ಉದುರಿದೆ ಅಂದರೂ ಆಯ್ತಪ್ಪ. ಹಾಗಾಗಿ ಆ ಹೆಸರು. ನಾನು ಆಯ್ತಪ್ಪನ ಮಗಳು. ಮೆಸ್ಸಿನಲ್ಲಿ ನನ್ನ ತಟ್ಟೆಗೆ ಎರಡು ಸೌಟು ಜಾಸ್ತಿ ಬೀಳುತ್ತದೆ.

ಸುರಂಗದ ಬಾಯಿಯ ಪಕ್ಕದ ಕ್ಯಾಬಿನ್ನಿನಲ್ಲಿ ಒಬ್ಬ ಅಕ್ಕ ಇದ್ದಾರೆ. ಫೋನಕ್ಕ ಅನ್ನುತ್ತಾರೆ. ಕ್ಯಾಬಿನ್ನಿನಿಂದ ಒಂದು ತಂತಿ ಸುರಂಗದ ತುದಿಗೆ ಹೋಗುತ್ತದೆ. ಕೊರೆಯುತ್ತಿರುವ ಆ ಕೊನೆಯ ಗೋಡೆಗೆ ಇಲ್ಲಿ ಫೇಸ್ ಅನ್ನುತ್ತಾರೆ. ಇನ್ನೊಂದು ತಂತಿ ಬೆಟ್ಟದ ಆ ಕಡೆಯ ಕ್ಯಾಬಿನ್ನಿಗೆ. ನನಗೆ ಹೊತ್ತು ಹೋಗದೆ ಅಲ್ಲಿ ಕೂತಿದ್ದೆ. ಅಕ್ಕ ಏನೋ ಹೇಳಿದರು, ನಾನು ಅಭ್ಯಾಸಬಲದಿಂದ ಆಯ್ತು ಎಂದೆ. ಅವರು ತಲೆಯ ಮೇಲೆ ಮೊಟಕಿದರು.

"ಈ ಕ್ಯಾಬಿನ್ನಲ್ಲಿ ಆಯ್ತು ಅನ್ನಂಗಿಲ್ಲ ಕಣೆ. ಆಯ್ತು ಅಂದ್ರೆ ಮಾಡ್ತೀನಿ ಅಂತನಾ, ಮಾಡಿ ಮುಗಿಸ್ದೆ ಅಂತನಾ? ಮನೇಲಾದ್ರೆ ನಡೆಯುತ್ತೆ. ಸಿಡಿಮದ್ದಿನ ವಿಷ್ಯದಲ್ಲಿ ಅವೆರಡರ ಮಧ್ಯ ಒಂದು ಹೆಣ ಇರುತ್ತೆ."

ಅದಕ್ಕೇ ಇಲ್ಲಿ ಫೋನಿನಲ್ಲಿ ಕೇಳಿಸಿಕೊಂಡದ್ದನ್ನು ಪೂರ್ತಿ ತಿರುಗಿ ಹೇಳಬೇಕು. ಹಿಂದೆ ಸರೀರಿ ಅಂದರೆ, ಹಿಂದೆ ಸರಿಯುತ್ತೇವೆ ಎನ್ನಬೇಕು. ಸರಿದ ಮೇಲೆ, ಸರಿದಿದ್ದೇವೆ ಎನ್ನಬೇಕು. ಹಾಗಾದರೆ ನಮ್ಮಪ್ಪ ಎಂದೆ. ಅವರಿಗೆ ಮಾತ್ರ ಮಾಫಿ, ಅವರು ಮೊದಲ ಸುರಂಗ ಕೊರೆದಾಗ ಈ ರೂಲ್ ಬರೆದವರು ತೊಟ್ಟಿಲಲ್ಲಿದ್ದರು ಎಂದು ಅಕ್ಕ ನಕ್ಕರು.

ಮೇ ೧೪, ಗುರುವಾರ

ಇವತ್ತು ಒಳಗೆ ಕರೆದುಕೊಂಡು ಹೋದರು. ಹೆಲ್ಮೆಟ್ ನನ್ನ ಕಣ್ಣಿನವರೆಗೆ ಇಳಿಯುತ್ತಿತ್ತು. ಜೀಪಿನಲ್ಲಿ ಹೋಗುತ್ತ ಹೋಗುತ್ತ ಹಿಂದಿನ ಬೆಳಕು ಗುಂಡಿಯಷ್ಟಾಯಿತು, ಆಮೇಲೆ ಅದೂ ಇಲ್ಲ. ಪ್ಯಾನಿಕ್ ಬರುತ್ತದೆ ಅಂತ ಕಾಯುತ್ತಿದ್ದೆ. ಬಂತು. ಯಾರಿಗೂ ಗೊತ್ತಾಗಲಿಲ್ಲ, ಯಾಕೆಂದರೆ ಅಲ್ಲಿನ ಸದ್ದಿಗೆ ನಾನು ಕಿರುಚಿದ್ದರೂ ನನಗೇ ಕೇಳಿಸುತ್ತಿರಲಿಲ್ಲ.

ಫೇಸಿನ ಹತ್ತಿರ ಅಪ್ಪ ಬೇರೆಯೇ ಮನುಷ್ಯ. ಶೆಡ್ಡಿನಲ್ಲಿ ಗೋಡೆಗೆ ಅಂಟಿಕೊಂಡು ಓಡಾಡುವವರು ಅಲ್ಲಿ ನಡುವೆ ನಿಂತಿದ್ದರು. ಮಾತೇ ಇಲ್ಲ. ತಲೆಯ ದೀಪ ಎಡಕ್ಕೆ ಹೊರಳಿದರೆ ಒಂದು ಯಂತ್ರ ನಿಲ್ಲುತ್ತದೆ, ಅಂಗೈ ಕೆಳಗೆ ಮಾಡಿದರೆ ಇನ್ನೊಂದು ಇಳಿಯುತ್ತದೆ. ಬಂಡೆಗೆ ಕೈಯಿಟ್ಟು, ಎರಡು ಬೆರಳೆತ್ತಿ, ಆ ಮೂಲೆಗೆ ಮೊಳೆ ಹೊಡೆಯಿರಿ ಅಂದರು. ಅಂದರು ಅಂತ ಬರೆದೆ, ಏನೂ ಅಂದಿರಲಿಲ್ಲ.

ಅವರ ಪಕ್ಕ ಯಾವಾಗಲೂ ಒಬ್ಬ ಡ್ರಿಲ್ಲರ್ ಇರುತ್ತಾರೆ, ಉದ್ದಣ್ಣ. ಎಲ್ಲ ಬಾಗಿಲಿಗೂ ತಲೆ ಬಗ್ಗಿಸುತ್ತಾರೆ, ಸುರಂಗಕ್ಕೂ. ಗೋಡೆಯ ಫೋನಿನ ಮೇಲೆ ಕೆಂಪು ದೀಪ ಹತ್ತಿದಾಗ ಅಪ್ಪ ಎತ್ತಲಿಲ್ಲ. ಉದ್ದಣ್ಣ ಎತ್ತಿದರು.

ವಿಷಯ ಇನ್ನೂ ಹೇಳಿಲ್ಲ.

ಮೇ ೧೮, ಸೋಮವಾರ

ಒಂದು ಅನುಮಾನ ನಾಲ್ಕು ದಿನದಿಂದ ಕೊರೆಯುತ್ತಿತ್ತು. ಬೆಳಿಗ್ಗೆ ಅಪ್ಪ ನಲ್ಲಿಯ ಹತ್ತಿರ ಬೆನ್ನು ಮಾಡಿ ಮುಖ ತೊಳೆಯುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ಮಾಮೂಲಿ ದನಿಯಲ್ಲಿ ಹೇಳಿದೆ: "ಅಪ್ಪ, ಬೆಟ್ಟ ಹಾರಿಹೋಯ್ತು."

"ಆಯ್ತಮ್ಮ" ಎಂದರು.

ನಾನು ಒಳಗೆ ಬಂದು ಮಂಚದ ಮೇಲೆ ಕೂತೆ. ಮೊದಲು ನಗು ಬಂತು. ಆಮೇಲೆ ಬಂದದ್ದು ಏನು ಅಂತ ಸರಿಯಾಗಿ ಗೊತ್ತಿಲ್ಲ. ಖುಷಿ ಅನ್ನಬಾರದು, ಆದರೆ ಖುಷಿಯೇ.

ಯಾಕೆಂದರೆ ಏಳನೇ ಕ್ಲಾಸಿನಲ್ಲಿ, ಜ್ವರ ಬಂದಿದ್ದ ಒಂದು ಭಾನುವಾರ, ವಾರ್ಡನ್ ಮಿಸ್ ಹೊರಗೆ ಹೋದ ಸಮಯ ನೋಡಿ ಫೋನಿನಲ್ಲಿ ಹೇಳಿದ್ದೆ: ಅಪ್ಪ, ನನಗೆ ಇಲ್ಲಿ ಇರಕ್ಕಾಗಲ್ಲ, ನನ್ನನ್ನು ಕರ್ಕೊಂಡು ಹೋಗಿ. ಅವರು ಆಯ್ತು ಎಂದಿದ್ದರು. ನಾನು ಟ್ರಂಕು ಪ್ಯಾಕ್ ಮಾಡಿ ಕಾದೆ. ಬರಲಿಲ್ಲ. ಮುಂದಿನ ಭಾನುವಾರ ಊಟ ಆಯ್ತಾ ಎಂದು ಕೇಳಿದರು. ಆವತ್ತಿನಿಂದ ಈವರೆಗೆ ನಾನು ಅವರಿಗೆ ಏನನ್ನೂ ಕೇಳಿಲ್ಲ.

ಪಾಪ, ಅವರಿಗೆ ಕೇಳಿಸಿಯೇ ಇರಲಿಲ್ಲ.

ಮೇ ೧೯, ಮಂಗಳವಾರ

ಎದುರಿಗೆ ಕೂತು, ತುಟಿ ಕಾಣುವ ಹಾಗೆ ಕೇಳಿದೆ. "ನಿಮಗೆ ಕೇಳಿಸಲ್ಲ ಅಲ್ವಾ?"

ಅಪ್ಪ ಮೊದಲು ಬಾಗಿಲ ಕಡೆ ನೋಡಿದರು. ಎಡಗಿವಿ ಪೂರ್ತಿ ಹೋಗಿದೆಯಂತೆ. ಬಲಗಿವಿಯಲ್ಲಿ ದನಿಯ ಸದ್ದು ಮಾತ್ರ ಬರುತ್ತದೆ, ಮಾತು ಬಿಡಿಸಿ ಕೇಳಿಸುವುದಿಲ್ಲ. ಕ್ಲಿನಿಕ್ಕಿನ ಪರೀಕ್ಷೆಯಲ್ಲಿ ಹೇಗೆ ಪಾಸಾದಿರಿ ಎಂದೆ. ಕಾಂಪೌಂಡರ್ ಬಟನ್ ಒತ್ತುವಾಗ ಅವನ ಹೆಗಲು ಸ್ವಲ್ಪ ಏಳುತ್ತದೆಯಂತೆ, ಹೆಗಲು ಎದ್ದಾಗ ಇವರು ಕೈ ಎತ್ತುತ್ತಾರಂತೆ. ಇದನ್ನು ಹೇಳುವಾಗ ಅಪ್ಪನ ಮುಖದಲ್ಲಿ ಕಾಪಿ ಹೊಡೆದು ಸಿಕ್ಕಿಬೀಳದ ಹುಡುಗನ ನಗು. ಫೋನನ್ನು ಉದ್ದಣ್ಣ ನೋಡಿಕೊಳ್ಳುತ್ತಾರೆ. ಅವರಿಬ್ಬರನ್ನು ಬಿಟ್ಟು ಯಾರಿಗೂ ಗೊತ್ತಿಲ್ಲ.

"ಇನ್ನೊಂದೇ ಗೋಡೆ ಮರಿ. ಇಷ್ಟು ಸುರಂಗ ಮಾಡ್ದೆ, ಒಂದ್ರಲ್ಲೂ ಕೊನೇ ಗೋಡೆ ಒಡೆಯೋವಾಗ ನಾನಿಲ್ಲ. ಯಾವಾಗ್ಲೂ ಅಷ್ಟರಲ್ಲಿ ಬೇರೆ ಕಡೆ ಕಳಿಸಿಬಿಡ್ತಿದ್ರು. ಇದೊಂದು ಒಡೀಲಿ. ಆವತ್ತೇ ನಾನೇ ಹೋಗಿ ಸಾಹೇಬ್ರಿಗೆ ಹೇಳ್ತೀನಿ. ಅಲ್ಲಿವರೆಗೆ ನೀನು ಬಾಯಿ ಬಿಡಬೇಡ."

ಅಪ್ಪ ನನ್ನಲ್ಲಿ ಏನನ್ನಾದರೂ ಕೇಳಿದ್ದು ಇದೇ ಮೊದಲು. ಆಯ್ತು ಎಂದೆ.

ಮೇ ೨೫, ಸೋಮವಾರ

ಉದ್ದಣ್ಣ ರಜೆಯ ಮೇಲೆ ಹೋದರು. ಹೆಂಡತಿಗೆ ದಿನ ತುಂಬಿದೆ. ಹೋಗುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದು, ನಿನಗೆ ಗೊತ್ತು ಅಂತ ನನಗೆ ಗೊತ್ತು, ಒಂದು ವಾರ ದೇವರು ನೋಡಿಕೊಳ್ಳುತ್ತಾನೆ ಎಂದರು. ದೇವರು ಫೋನ್ ಎತ್ತುತ್ತಾನಾ ಎಂದೆ.

ಇವತ್ತಿನಿಂದ ಹೊಸ ನಿಯಮ. ನಡುವಿನ ಬಂಡೆ ತೆಳ್ಳಗಾಗಿದೆ. ಆ ಕಡೆಯವರು ಬ್ಲಾಸ್ಟ್ ಮಾಡಿದರೆ ಈ ಕಡೆಯೂ ಕಲ್ಲು ಉದುರಬಹುದು. ಆದ್ದರಿಂದ ಯಾರು ಮದ್ದು ಸಿಡಿಸುವುದಾದರೂ ಎರಡೂ ಕಡೆ ಫೇಸ್ ಖಾಲಿಯಾಗಬೇಕು. ಖಾಲಿಯಾಯಿತೋ ಇಲ್ಲವೋ ಅಂತ ಗೊತ್ತಾಗುವುದು ಫೋನಿನಲ್ಲಿ.

ಅಪ್ಪನಿಗೆ (ಗುಟ್ಟು ಒಂದಾದ ಮೇಲೆ ಬಹುವಚನ ತಾನಾಗಿ ಬಿಟ್ಟುಹೋಗಿದೆ) ಬೆಳಿಗ್ಗೆ ಬರೆದು ತೋರಿಸಿದೆ: ಫೋನ್ ಬೇರೆ ಯಾರಿಗಾದರೂ ಎತ್ತಲು ಹೇಳು. ಯಾಕೆ ಅಂತ ಕೇಳಿದರೆ ಏನು ಹೇಳಲಿ ಅಂದ. ಸರಿ, ದೀಪ ಹತ್ತಿದ ತಕ್ಷಣ ಎಲ್ಲರನ್ನೂ ಹಿಂದೆ ಕಳಿಸಿಬಿಡು ಎಂದೆ. ಊಟ ಬಂದಿದೆ ಅಂತಲೂ ಅದೇ ದೀಪ ಹತ್ತುತ್ತೆ ಮರಿ, ದಿನಕ್ಕೆ ಅಷ್ಟು ಸಲ ಓಡಿಸಿದರೆ ಅವರೇ ನನ್ನನ್ನ ಹೊರಗೆ ಓಡಿಸ್ತಾರೆ ಅಂದ.

ದಿನವಿಡೀ ಕ್ಯಾಬಿನ್ನಿನಲ್ಲೇ ಕೂರುತ್ತೇನೆ. ಫೋನಕ್ಕ, ಮನೆ ಕೆಲಸ ಇಲ್ವೇನೆ ನಿಂಗೆ ಅನ್ನುತ್ತಾರೆ.

ಮೇ ೨೮, ಗುರುವಾರ

ಅಕ್ಷರ ಕೆಟ್ಟದಾಗಿದೆ. ಇರಲಿ.

ಮಧ್ಯಾಹ್ನ ಊಟದ ಹೊತ್ತು. ಯಂತ್ರಗಳು ನಿಂತಿದ್ದವು. ಸೈಟ್ ಸಾಹೇಬರು ಚಹಾ ಹಿಡಿದು ಕ್ಯಾಬಿನ್ನಿನ ಬಾಗಿಲಿಗೆ ಒರಗಿ ನಿಂತಿದ್ದರು. ಆ ಕಡೆಯಿಂದ ಫೋನ್ ಬಂತು: ಮದ್ದು ತುಂಬಿದ್ದೇವೆ, ನಿಮ್ಮವರನ್ನು ಹಿಂದಕ್ಕೆ ಕರೆಸಿ. ಫೋನಕ್ಕ ಒಳಗಿನ ಫೋನ್ ಮಾಡಿದರು. ತುಂಬ ಹೊತ್ತಿನ ಮೇಲೆ ಅಪ್ಪ ಎತ್ತಿಕೊಂಡ. ಸ್ಪೀಕರಿನಲ್ಲಿ ಅವನ ಉಸಿರು ಕೇಳುತ್ತಿತ್ತು.

"ಆ ಕಡೆ ಬ್ಲಾಸ್ಟ್ ಮಾಡ್ತಾರೆ. ನಿಮ್ಮ ಹುಡುಗ್ರು ಹಿಂದಕ್ಕೆ ಬಂದ್ರಾ?"

"ಆಯ್ತು."

"ಎಲ್ರೂ ಬಂದ್ರಾ?"

"ಆಯ್ತು, ಆಯ್ತು."

ಅಕ್ಕ ಫೋನ್ ಇಟ್ಟರು. ಆ ಕಡೆಯ ಫೋನ್ ಎತ್ತಿದರು.

ಆ ಆಯ್ತು ನನಗೆ ಗೊತ್ತು. ಮೊದಲನೆಯದು ನಿಧಾನ, ಎರಡನೆಯದು ಜೋಡಿ, ಸ್ವಲ್ಪ ಬೇಗ, ಫೋನ್ ಇಡುವ ಆತುರ. ಎಷ್ಟು ವರ್ಷದ ಭಾನುವಾರ ಕೇಳಿದ್ದೇನೆ. ಪ್ರಪಂಚದಲ್ಲಿ ಆ ದನಿಯ ಅರ್ಥ ಗೊತ್ತಿರುವವಳು ನಾನೊಬ್ಬಳೇ ಇರಬೇಕು. ಹೇಳಬೇಕು ಅಂತ ಬಾಯಿ ತೆಗೆದೆ. ಗಂಟಲು ಮುಚ್ಚಿಹೋಯಿತು, ಪರೀಕ್ಷೆ ಹಾಲಿನಲ್ಲಿ ಆದ ಹಾಗೇ. ಅಕ್ಕ ಆ ಕಡೆಯವರಿಗೆ "ಹಲೋ" ಅನ್ನುತ್ತಿದ್ದರು. ನಾನು ಕೈ ಚಾಚಿ ಫೋನಿನ ಗುಂಡಿಯನ್ನು ಅದುಮಿಬಿಟ್ಟೆ. ಲೈನ್ ಕಟ್ಟಾಯಿತು.

ಏನಾಯ್ತೇ ನಿನಗೆ ಎಂದು ಅಕ್ಕ ಬೈದರು. ಆಗ ದನಿ ಬಂತು.

"ಅಪ್ಪನಿಗೆ ಕಿವಿ ಕೇಳಿಸಲ್ಲ ಅಕ್ಕ. ನೀವು ಹೇಳಿದ್ದು ಒಂದೂ ಕೇಳಿಸಿಲ್ಲ. ಅವ್ರೆಲ್ಲ ಅಲ್ಲೇ ಇದ್ದಾರೆ."

ಸಾಹೇಬರ ಲೋಟ ಬಾಗಿಲ ಹತ್ತಿರ ಬಿತ್ತು. ಅವರು ಜೀಪಿನ ಕಡೆ ಓಡಿದರು, ಅಕ್ಕ ಆ ಕಡೆಯವರಿಗೆ ನಿಲ್ಲಿಸಿ ನಿಲ್ಲಿಸಿ ಅನ್ನುತ್ತಿದ್ದರು. ನಾನು ಮೇಜಿನ ಕೆಳಗೆ ಕೂತೆ. ಯಾಕೆ ಅಲ್ಲಿ ಕೂತೆ ಗೊತ್ತಿಲ್ಲ.

ಅವರೆಲ್ಲ ಫೇಸಿನ ಬುಡದಲ್ಲೇ, ಗೋಡೆಗೆ ಬೆನ್ನು ಕೊಟ್ಟು ಊಟ ಮಾಡುತ್ತಿದ್ದರಂತೆ. ಅಪ್ಪನೂ. ಊಟ ಮಾಡಿದಿರಾ ಅಂತ ಕೇಳಲು ಫೋನ್ ಬಂದಿದೆ ಅಂದುಕೊಂಡನಂತೆ.

ಎಲ್ಲರನ್ನೂ ಹೊರಗೆ ತಂದ ಮೇಲೆ ಆ ಕಡೆಯವರು ಸಿಡಿಸಿದರು. ಸಂಜೆ ಹೋಗಿ ನೋಡಿದರೆ ಗೋಡೆಯಿಂದ ಒಂದು ಚಪ್ಪಡಿ ಬಿದ್ದಿತ್ತು. ಅದರಡಿ ಬಿಟ್ಟುಬಂದ ಊಟದ ಡಬ್ಬಿಗಳು. ಒಂದನ್ನು ತಂದು ತೋರಿಸಿದರು. ಅಂಟಿಸಿದ ಲಕೋಟೆಯಷ್ಟು ಚಪ್ಪಟೆ.

ಮೇ ೨೯, ಶುಕ್ರವಾರ

ಅಪ್ಪನನ್ನು ಸ್ಟೋರಿಗೆ ಹಾಕಿದ್ದಾರೆ. ಡ್ರಿಲ್ ಬಿಟ್ಟುಗಳಿಗೆ ಎಣ್ಣೆ ಹಚ್ಚುವ ಕೆಲಸ. ಸಾಹೇಬರು ಬೈಯಲಿಲ್ಲವಂತೆ. ಬೈದಿದ್ದರೆ ಒಳ್ಳೆಯದಿತ್ತು.

ನನ್ನ ಜೊತೆ ಮಾತಿಲ್ಲ. ಊಟ ಆಯ್ತಾ ಸಹ ಇಲ್ಲ.

ಜೂನ್ ೨, ಮಂಗಳವಾರ

ಉದ್ದಣ್ಣ ವಾಪಸ್ ಬಂದರು. ಹೆಣ್ಣು ಮಗು. ಮೆಸ್ಸಿನಲ್ಲಿ ಎಲ್ಲರಿಗೂ ಸಿಹಿ ಹಂಚಿದರು, ನನ್ನ ಮುಂದೆ ಬಂದು ನಿಂತರು.

"ಹೆಣ್ಣು ಅಂತ ಖುಷಿಪಟ್ಟೆ. ಇಲ್ಲಿ ಬಂದ್ಮೇಲೆ ಯೋಚ್ನೆ ಹತ್ತಿದೆ. ನಾಳೆ ಅವಳೂ ಅಪ್ಪನ್ನ ಹಿಡಿದುಕೊಟ್ರೆ?"

ಮೊದಲಾಗಿದ್ದರೆ ನಾನು ತಟ್ಟೆ ಬಿಟ್ಟು ಓಡುತ್ತಿದ್ದೆ. "ಹಿಡಿದುಕೊಡೋ ಹಾಗಿದ್ರೆ ಕೊಡ್ಲಿ ಅಣ್ಣ" ಎಂದೆ, "ಇರೋ ಅಪ್ಪನ್ನ ತಾನೇ ಹಿಡಿದುಕೊಡಕ್ಕಾಗೋದು." ದನಿ ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಇಲ್ಲಿ ಬಂದ ಮೇಲೆ ಹಾಗೇ ಆಗಿದೆ.

ಉದ್ದಣ್ಣ ಸಿಹಿಯ ಪೊಟ್ಟಣವನ್ನೇ ನನ್ನ ತಟ್ಟೆಯ ಪಕ್ಕ ಇಟ್ಟು ಹೋದರು.

ಜೂನ್ ೬, ಶನಿವಾರ

ಇವತ್ತು ಹೇಳಿದೆ.

ಅಪ್ಪ ಶೆಡ್ಡಿನ ಹೊಸ್ತಿಲಲ್ಲಿ ಕೂತು ಬೂಟಿನ ಮಣ್ಣು ಕೆರೆಯುತ್ತಿದ್ದ. ನಾನು ಎದುರಿಗೆ ಕೂತು, "ಅಪ್ಪ, ನಾನು ಪರೀಕ್ಷೆ ಬರೀಲಿಲ್ಲ" ಎಂದೆ. ಹ್ಞಾ ಅಂದ. ಕತ್ತಲಾಗುತ್ತಿತ್ತು, ತುಟಿ ಕಾಣಿಸುತ್ತಿರಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಹೇಳಿದೆ. ಬಲಗಿವಿ ಮುಂದೆ ಮಾಡಿದ. ಒಂದು ತಿಂಗಳಿನಿಂದ ನುಂಗಿಕೊಂಡಿದ್ದನ್ನು ಈಗ ಕೂಗಿ ಹೇಳಬೇಕಾಯಿತು: "ಪರೀಕ್ಷೆಯಿಂದ ಎದ್ದು ಬಂದುಬಿಟ್ಟೆ. ಎಲ್ಲದ್ರಲ್ಲೂ ಫೇಲು."

ಪಕ್ಕದ ಶೆಡ್ಡಿನ ರೇಡಿಯೋ ನಿಂತಿತು. ಸಾಲಿನ ಕೊನೆಯಿಂದ ಉದ್ದಣ್ಣನ ದನಿ ಬಂತು: "ನಮಗೆಲ್ಲ ಕೇಳಿಸ್ತು ಬಿಡಮ್ಮ."

ಅವರು ಏನು ಹೇಳಿದರು ಅಂತ ಅಪ್ಪ ಕೇಳಿದ. ಹೇಳಿದೆ. ಅಪ್ಪ ನಕ್ಕ. ನನಗೂ ನಗು ಬಂತು, ಅಳುವಿನ ಜೊತೆಗೇ. ಮತ್ತೆ ಬರೆಯಬಹುದಾ ಅಂದ. ಬರೆಯಬಹುದು, ಬರೆಯುತ್ತೇನೋ ಇಲ್ಲವೋ ಗೊತ್ತಿಲ್ಲ ಎಂದೆ. ಗೊತ್ತಾದಾಗ ಹೇಳು ಅಂದ.

ಅಲ್ಲಿಗೆ ಬಿಡಬಹುದಿತ್ತು. ಆದರೆ ಕೂಗುವುದು ಒಮ್ಮೆ ಶುರುವಾದ ಮೇಲೆ ನಿಲ್ಲುವುದಿಲ್ಲ.

"ಏಳನೇ ಕ್ಲಾಸಲ್ಲಿ ಫೋನಲ್ಲಿ ಹೇಳಿದ್ದೆ, ನನ್ನ ಕರ್ಕೊಂಡು ಹೋಗಿ ಅಂತ. ನಿಂಗೆ ಕೇಳಿಸಿರ್ಲಿಲ್ಲ ಅಲ್ವಾ?"

ಅಪ್ಪ ಕೈಯಲ್ಲಿದ್ದ ಬೂಟನ್ನು ಕೆಳಗಿಟ್ಟ. ತಲೆಯಾಡಿಸಿದ್ದರೆ ಸಾಕಿತ್ತು. ನಾನೇ ಉತ್ತರವನ್ನು ಬಾಯಿಗೆ ಇಟ್ಟಿದ್ದೆ.

"ಕೇಳಿಸಿತ್ತು ಮರಿ" ಅಂದ. "ಅವಾಗ ಕಿವಿ ಚೆನ್ನಾಗೇ ಇತ್ತು. ಎಲ್ಲಿಗೆ ಅಂತ ಕರ್ಕೊಂಡು ಬರ್ಲಿ? ಈ ಶೆಡ್ಡೂ ಇರ್ಲಿಲ್ಲ, ಟಾರ್ಪಾಲು. ಆಯ್ತು ಅಂದೆ. ಮುಂದಿನ ವಾರದೊಳಗೆ ನೀನು ಮರೀಲಿ ಅಂತ ಕಾದೆ."

ಎದ್ದು ಹೋದೆ. ಲಾರಿಗಳು ಕಲ್ಲು ಸುರಿಯುವ ದಿಬ್ಬದವರೆಗೆ ಹೋಗಿ ಕೂತೆ. ಎಷ್ಟು ಸಿಟ್ಟು ಬಂತೆಂದರೆ ಎರಡು ಕೈಯಲ್ಲೂ ಕಲ್ಲು ಎತ್ತಿ ಎತ್ತಿ ಕೆಳಗೆ ಎಸೆದೆ. ವಾಪಸ್ ಬಂದಾಗ ಅಪ್ಪ ನನ್ನ ಊಟ ತಂದು ಮುಚ್ಚಿಟ್ಟಿದ್ದ, ತಾನೂ ಉಂಡಿರಲಿಲ್ಲ. ಇಬ್ಬರೂ ಉಂಡೆವು.

ಸುಳ್ಳು ಹೇಳಿದ್ದರೆ ನಂಬುತ್ತಿದ್ದೆ. ಹೇಳಲಿಲ್ಲ.

ಜೂನ್ ೧೧, ಗುರುವಾರ

ಕೊನೆಯ ಬ್ಲಾಸ್ಟ್ ಇವತ್ತು. ಎಲ್ಲರೂ ಒಳಗೆ ಹೋದರು, ಅಡುಗೆಯವರೂ ಸಹ. ಫೋನಕ್ಕ, ಇಷ್ಟು ವರ್ಷ ಬಾಗಿಲಲ್ಲೇ ಕೂತೆ, ಒಂದು ದಿನ ನಾನೂ ನೋಡಬೇಡವಾ ಎಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿ ಹೋದರು. ಸಾಹೇಬರು ಖುದ್ದಾಗಿ ಅಪ್ಪನನ್ನು ಕರೆಯಲು ಬಂದರು. ತಪ್ಪು ಎಲ್ಲರದೂ ಇದೆ, ಬನ್ನಿ ಎಂದು ಅವನ ಮುಖಕ್ಕೆ ಮುಖ ಕೊಟ್ಟು ಹೇಳಿದರು. ಅಪ್ಪ ಬೇಡ ಅಂದ. ಅವತ್ತು ಊಟಕ್ಕೆ ಕೂತಿದ್ದವರ ಪಕ್ಕ ಹೋಗಿ ನಿಲ್ಲಲು ಇನ್ನೂ ಮನಸ್ಸು ಬಂದಿಲ್ಲ ಅಂದ. ಕ್ಯಾಬಿನ್ನಿನ ಹೊರಗಿನ ಕಲ್ಲಿನ ಮೇಲೆ ಕೂತ, ಸುರಂಗದ ಬಾಯಿಗೆ ಎದುರಾಗಿ.

ಒಳಗಿನಿಂದ ಫೋನ್ ಬಂತು. ಎಲ್ಲರೂ ಹಿಂದೆ ಸರಿದಿದ್ದೇವೆ ಎಂದರು. ಎಲ್ಲರೂ ಹಿಂದೆ ಸರಿದಿದ್ದೀರಿ ಎಂದೆ. ಆ ಕಡೆಗೂ ಕೇಳಿದೆ. ಅವರೂ ಸರಿದಿದ್ದರು. ಸೈರನ್ ಒತ್ತಿದೆ. ನೆಲ ಗುದ್ದಿತು. ಯಾವತ್ತಿನ ಗುದ್ದೇ, ಹೆಚ್ಚೂ ಇಲ್ಲ ಕಮ್ಮಿಯೂ ಇಲ್ಲ.

ಆಮೇಲೆ ಕಾಯುವುದು. ಫೋನಿನ ದೀಪವನ್ನೇ ನೋಡುತ್ತಿದ್ದೆ. ಯಾವಾಗಲೂ ಬ್ಲಾಸ್ಟ್ ಆದಮೇಲೆ ಹೊಗೆ ಬಾಯಿಯವರೆಗೆ ಬರಲು ಬಹಳ ಹೊತ್ತು ಬೇಕು, ಬಂದರೂ ಸೋಮಾರಿ ಎಮ್ಮೆಯ ಹಾಗೆ ಬಂದು ಅಲ್ಲೇ ಮಲಗುತ್ತದೆ. ಇವತ್ತು ಅದು ಓಡಿಬಂತು. ತೆಳ್ಳಗೆ, ಹರಿದುಹೋಗಿ, ಯಾರೋ ಹಿಂದಿನಿಂದ ಅಟ್ಟಿದ ಹಾಗೆ. ಅಪ್ಪ ಎದ್ದು ನಿಂತ. ಹೊಗೆ ಅವನನ್ನು ದಾಟಿ ಹೋಯಿತು. ಅದರ ಹಿಂದೆ ಗಾಳಿ, ತಣ್ಣಗೆ. ಅವನ ಅಂಗಿ ಬೆನ್ನ ಹಿಂದೆ ಉಬ್ಬಿತು. ಅವನು ಕಣ್ಣು ಮುಚ್ಚಿ, ಮೂಗು ಎತ್ತಿ, ಹಾಗೇ ನಿಂತ.

ಆಮೇಲೆ ನನ್ನ ಕಡೆ ತಿರುಗಿ ಕೈ ಮಾಡಿ ಕರೆದ. ಕುರ್ಚಿ ಬಿಡಬಾರದು, ಕಿಟಕಿಯಿಂದ ತಲೆ ಹಾಕಿದೆ.

"ಒಡೀತು ಮರಿ" ಅಂದ. "ಇದು ನಮ್ಮ ಗಾಳಿಯಲ್ಲ. ಆ ಕಡೇದು. ಅಲ್ಲಿ ಮಳೆ ಬಂದಿದೆ ನೋಡು."

ನಿಜ. ಒದ್ದೆ ಹುಲ್ಲಿನ ವಾಸನೆ. ಇಲ್ಲಿ ಒಂದು ತಿಂಗಳಿಂದ ಹನಿ ಮಳೆಯಿಲ್ಲ.

ನಾವಿಬ್ಬರೂ ಆ ಗಾಳಿಯನ್ನು ಕುಡಿಯುತ್ತ ಇದ್ದಾಗ ಫೋನ್ ಬಡಿದುಕೊಂಡಿತು. ಎತ್ತಿದೆ. ಫೋನಕ್ಕ ಅಳುತ್ತಿದ್ದರು, ಹಿಂದೆ ಎಲ್ಲರ ಕೂಗು.

"ಗೋಡೆ ಒಡೆದಿದೆ ಕಣೆ. ಆ ಕಡೆಯವ್ರ ದೀಪ ಕಾಣಿಸ್ತಿದೆ."

"ಗೋಡೆ ಒಡೆದಿದೆ" ಎಂದು ನಾನು ತಿರುಗಿ ಹೇಳಿದೆ. "ಗೊತ್ತು ಅಕ್ಕ."

"ಗೊತ್ತಾ? ಮೊದ್ಲು ನಿಂಗೇ ಮಾಡ್ತಿರೋದು. ಯಾರು ಹೇಳಿದ್ರು?"

"ಅಪ್ಪ ಹೇಳ್ದ."